ಮಳೆಗಾಲ ಬರುತ್ತಿದೆ: ಬೇಲಿ ಕೋಳಿಗೋ, ತರಕಾರಿಗೋ?

ಅಮ್ಮತ್ತಿ ಹಿತ್ತಲು:
ಎಲ್ಲರಿಗೂ ನಮಸ್ಕಾರ. ಕೊಡಗಿನ ಅಮ್ಮತ್ತಿಯ ನಮ್ಮ ಮನೆಯ ಹಿಂದೆ ಸ್ವಲ್ಪ ಜಾಗದಲ್ಲಿ ತರಕಾರಿ ಮಡಿಗಳಿವೆ, ಪಕ್ಕದಲ್ಲೇ ಕೋಳಿಗೂಡು. ನಾಟಿ ಹೇಂಟೆಗಳು, ಒಂದು ಕೆಂಪು ಹುಂಜ, ಹೋದ ವರ್ಷ ತಂದ ಗಿರಿರಾಜ ತಳಿಯ ಕೋಳಿಗಳು. ಬೇಸಿಗೆಯಲ್ಲಿ ಜಗಳವೇ ಇರಲಿಲ್ಲ. ಬೆಳಿಗ್ಗೆ ಬಾಗಿಲು ತೆಗೆದರೆ ಕಾಫಿ ಗಿಡಗಳ ಕಡೆ ಹೋಗಿ, ನೆರಳಿನ ಹಾಲುವಾಣ ಮರದ ತರಗೆಲೆಯಡಿ ಕೆದಕಿಕೊಂಡಿದ್ದು, ಸಂಜೆ ತಾವಾಗಿಯೇ ಗೂಡಿಗೆ ಮರಳುತ್ತಿದ್ದವು. ಈಗ ಎರಡು ಹದವಾದ ಮಳೆ ಬಿದ್ದು, ಮಡಿ ಅಗೆದು ಹರಿವೆ, ಬೆಂಡೆ, ಸೌತೆ ಹಾಕಿದ್ದೇ ತಡ, ಇಡೀ ಹಿಂಡು ಹಿತ್ತಲಿಗೆ ಬಂದು ಬೀಡುಬಿಟ್ಟಿದೆ. ಹರಿವೆ ಎರಡೆಲೆ ಬಿಡುವ ಮೊದಲೇ ಮಡಿ ಮಟ್ಟಸವಾಯಿತು. ನಿನ್ನೆ ಸೌತೆಯ ಬುಡದಲ್ಲಿ ಗಿರಿರಾಜ ಹೇಂಟೆಯೊಂದು ಹೊಂಡ ತೋಡಿ, ಮಣ್ಣನ್ನು ರೆಕ್ಕೆಯ ಸಂದಿಗೆಲ್ಲ ಎರಚಿಕೊಂಡು, ಒಂದು ಕಾಲು ಚಾಚಿ ಮಲಗಿತ್ತು. ಕೋಲು ಹಿಡಿದು ಹತ್ತಿರ ಹೋದರೆ ಒಂದು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿತು!

ಜೂನ್‌ನಿಂದ ಕೋಳಿಗಳನ್ನು ಕೂಡಿಹಾಕಿಬಿಡೋಣ ಎಂದು ನಮ್ಮವರು ಹೇಳುತ್ತಾರೆ. ಬೇಲಿ ಹಾಕುವುದಾದರೆ ತರಕಾರಿಗೆ ಹಾಕಿ, ಕೂಡಿಹಾಕಿದ ಕೋಳಿ ಮಳೆಗಾಲ ದಾಟುವುದಿಲ್ಲ ಎಂದು ಅತ್ತೆ. ತಂತಿ ಜಾಲರಿ ಕೊಳ್ಳಲು ಹಣ ಇರುವುದು ಒಂದಕ್ಕೆ ಮಾತ್ರ. ನೀವೆಲ್ಲ ಏನು ಮಾಡುತ್ತೀರಿ?

ಕೂಡಿಗೆ ರೈತ:
ಅಕ್ಕಾ, ಎರಡೂ ಬೇಡ, ಜಾಗವನ್ನೇ ಎರಡು ಮಾಡಿ. ನಮ್ಮಲ್ಲಿ ಹಿತ್ತಲಿನ ನಡುವೆ ಒಂದು ಬೇಲಿ, ಅದರ ಮಧ್ಯದಲ್ಲಿ ಗೂಡು, ಗೂಡಿಗೆ ಎರಡೂ ಕಡೆ ಬಾಗಿಲು. ಒಂದು ಬದಿಯಲ್ಲಿ ತರಕಾರಿ ಇದ್ದಾಗ ಕೋಳಿ ಇನ್ನೊಂದು ಬದಿಯಲ್ಲಿ. ಬೆಳೆ ಮುಗಿದ ಮೇಲೆ ಬಾಗಿಲು ಬದಲಿಸುತ್ತೇವೆ. ಉಳಿದ ಸೊಪ್ಪು, ಹುಳು, ಕಳೆಯ ಬೀಜ ಎಲ್ಲ ಕೋಳಿಯ ಹೊಟ್ಟೆಗೆ, ಗೊಬ್ಬರ ಮಣ್ಣಿಗೆ. ಕೋಳಿ ಬಿಟ್ಟ ಜಾಗವನ್ನು ಒಮ್ಮೆ ಅಗೆದು ಸ್ವಲ್ಪ ದಿನ ಬಿಟ್ಟು ಬಿತ್ತಿದರೆ ಬದನೆ, ಟೊಮೆಟೊ, ಹೀರೆ ಎಲ್ಲವೂ ಚೆನ್ನಾಗಿ ಬರುತ್ತವೆ. ಜಾಲರಿಯೂ ಒಂದೇ ಸಾಲು ಸಾಕು.

ನಾಪೋಕ್ಲು ಅಜ್ಜಿಮನೆ:
ಕೂಡಿಗೆಯ ತಮ್ಮ ಹೇಳುವುದು ಸರಿ, ಆದರೆ ಅದು ಕೂಡಿಗೆಗೆ ಸರಿ. ನೀವು ಹಾರಂಗಿ ನಾಲೆಯ ಕಡೆಯವರು, ರಾಗಿ, ಜೋಳ ಬೆಳೆಯುವವರು. ಕುಶಾಲನಗರದ ಕಡೆ ಬೀಳುವ ಮಳೆಗೂ ಭಾಗಮಂಡಲ, ಕಕ್ಕಬ್ಬೆಯ ಕಡೆ ಬೀಳುವ ಮಳೆಗೂ ಹಲವು ಪಟ್ಟು ಅಂತರವಿದೆ. ಜಿಲ್ಲೆ ಒಂದೇ ಎಂದ ಮಾತ್ರಕ್ಕೆ ಹಿತ್ತಲೂ ಒಂದೇ ಆಗುವುದಿಲ್ಲ. ನಿಮ್ಮ ಆ ಕೋಳಿಯ ಬದಿಯನ್ನು ಜುಲೈಯಲ್ಲಿ ನಮ್ಮ ಊರಿಗೆ ತಂದಿಟ್ಟು ನೋಡಿ. ವಾರದಲ್ಲಿ ಹುಲ್ಲು ಮಾಯ, ಮುಂದಿನ ವಾರ ಕಣಕಾಲುದ್ದ ಕೆಸರು. ಅದರಲ್ಲಿ ಕೋಳಿ ಒಂಟಿಕಾಲಿನಲ್ಲಿ ನಿಂತಿರುತ್ತದೆ.

ಅಮ್ಮತ್ತಿಯವರೇ, ನಿಮ್ಮ ಅತ್ತೆ ಹೇಳಿದ್ದನ್ನೇ ನಾನೂ ಹೇಳುತ್ತೇನೆ. ಬೇಲಿ ತರಕಾರಿಗೆ. ಅದೂ ಎಲ್ಲ ತರಕಾರಿಗೆ ಅಲ್ಲ. ಮಳೆಗಾಲದಲ್ಲಿ ನಮ್ಮ ಹಿತ್ತಲಿನಲ್ಲಿ ನಿಲ್ಲುವುದೇ ಕೆಸು, ಸೀಮೆಬದನೆ, ಅರಿಸಿನ, ಕುಂಬಳದ ಬಳ್ಳಿ, ಸೂಜಿಮೆಣಸು. ಕೆಸುವಿನ ಎಲೆಗೆ ಕೋಳಿ ಬಾಯಿ ಹಾಕುವುದಿಲ್ಲ, ನಮಗೆ ಬಾಯಿ ತುರಿಸುವಂತೆ ಅದಕ್ಕೂ ತುರಿಸುತ್ತದೋ ಏನೋ. ಸೀಮೆಬದನೆಯನ್ನು ಚಪ್ಪರಕ್ಕೆ ಹತ್ತಿಸಿದ ಮೇಲೆ ಕೋಳಿಗೆ ಎಟುಕುವುದಿಲ್ಲ, ಬುಡಕ್ಕೆ ನಾಲ್ಕು ಕಲ್ಲು ಜೋಡಿಸಿದರೆ ಆಯಿತು. ಹರಿವೆ, ಕೊತ್ತಂಬರಿ, ಮೆಂತ್ಯವನ್ನು ಆ ಜಡಿಮಳೆಯಲ್ಲಿ ಕೋಳಿ ತಿನ್ನದಿದ್ದರೂ ಮಳೆಯೇ ಕೊಳೆಸುತ್ತದೆ. ಅದನ್ನು ತಿನ್ನಲೇಬೇಕು ಎನ್ನುವವರು ಅಡುಗೆಮನೆಯ ಸೂರಿನ ಕೆಳಗೆ ಹಳೆಯ ಟಬ್ಬಿನಲ್ಲಿ ಬೆಳೆದುಕೊಳ್ಳಲಿ. ಬೇಲಿ ಬೇಕಾಗುವುದು ಬಸಳೆ ಮತ್ತು ಬೆಂಡೆಗೆ ಅಷ್ಟೇ, ಅದಕ್ಕೆ ಬಿದಿರಿನ ತಟ್ಟಿ ಸಾಕು. ಉಳಿಸಿದ ಹಣದಲ್ಲಿ ಗೂಡಿನ ತಗಡನ್ನು ಒಂದು ಮೊಳ ಮುಂದಕ್ಕೆ ಚಾಚಿಸಿ.

ಸೋಮವಾರಪೇಟೆ ಮೆಣಸು:
ಎಲ್ಲರೂ ಹರಿವೆಗೆ ಅಳುತ್ತಿದ್ದೀರಿ. ಕೋಳಿ ಸಾಕುವವರ ನೆರೆಯಲ್ಲಿ ಕರಿಮೆಣಸು ಇಟ್ಟುಕೊಂಡವರನ್ನು ಯಾರೂ ಕೇಳುವುದಿಲ್ಲ. ಬಳ್ಳಿಯ ಬುಡಕ್ಕೆ ತೇವ ಆರದಂತೆ ಬೇಸಿಗೆಯಲ್ಲಿ ತರಗೆಲೆ ಹೊದಿಸಿ ಮನೆಗೆ ಬಂದರೆ, ಸಂಜೆಯೊಳಗೆ ಅದೆಲ್ಲ ದಾರಿಯ ಮೇಲೆ. ಎಲೆ ಹೋಗಲಿ, ಮೆಣಸಿನ ಬೇರು ಮಣ್ಣಿನ ಮೇಲ್ಪದರದಲ್ಲೇ ಹರಡುತ್ತದೆ. ಕೋಳಿ ಕೆದಕಿದಾಗ ಎಳೆಯ ಬೇರು ಹರಿಯುತ್ತದೆ, ಮಣ್ಣು ಬರಿದಾಗುತ್ತದೆ. ಜೂನ್‌ನಲ್ಲಿ ಬರಿಯ ಮಣ್ಣಿನ ಮೇಲೆ ಬಿದ್ದ ಮಳೆಹನಿ ಸಿಡಿದು ಕೆಳಗಿನ ಎಲೆಗಳಿಗೆ ಕೆಸರು ಮೆತ್ತುತ್ತದೆ. ಶೀಘ್ರ ಸೊರಗು ರೋಗದ ಫೈಟಾಫ್ತೊರ ಎಂಬ ಶಿಲೀಂಧ್ರದಂಥ ಸೂಕ್ಷ್ಮಜೀವಿಗೆ ಇದಕ್ಕಿಂತ ಒಳ್ಳೆಯ ಆಮಂತ್ರಣ ಬೇಕೇ? ಬೇರಿಗೆ ಗಾಯ ಮಾಡಬೇಡಿ, ಬುಡ ಕೆದಕಬೇಡಿ ಎಂದು ಮೆಣಸಿನ ಬಗ್ಗೆ ತಿಳಿದವರೆಲ್ಲ ಮನುಷ್ಯರಿಗೆ ಹೇಳುತ್ತಾರೆ. ಹೇಂಟೆಗೆ ಹೇಳುವವರು ಯಾರು?

ಇನ್ನೊಂದು ಮಾತು. ಮಳೆಯ ಮುಂಚೆ ಬಳ್ಳಿಗೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಸಿಂಪಡಿಸಿ, ಬುಡಕ್ಕೆ ತಾಮ್ರದ ಔಷಧ ಸುರಿಯುತ್ತೇವೆ. ಒದ್ದೆ ಮಣ್ಣಿನಿಂದ ಎರೆಹುಳು ಮೇಲೆ ಬರುತ್ತದೆ, ನಿಮ್ಮ ಕೋಳಿ ಓಡಿ ಬರುತ್ತದೆ. ಆಮೇಲೆ ಏನಾದರೂ ಆದರೆ ನಮ್ಮ ಮೇಲೆ ಗೂಬೆ ಕೂರಿಸಬೇಡಿ. ಔಷಧ ಹೊಡೆಯುವ ದಿನ ಹೇಳಿ ಕಳುಹಿಸುತ್ತೇವೆ, ಅವತ್ತು ಮತ್ತು ಮುಂದಿನ ಕೆಲವು ದಿನ ಕೂಡಿಹಾಕಿ.

ನಾಪೋಕ್ಲು ಅಜ್ಜಿಮನೆ:
ಈ ಕೋಪ ನ್ಯಾಯವಾದದ್ದು. ನೆರೆಯವರ ಮೆಣಸಿನ ಬುಡಕ್ಕೆ ಹೋಗುವ ಕೋಳಿಯನ್ನು ನಾನು ಸಾಕುವುದಿಲ್ಲ, ಅದು ಕಕ್ಕಡ ಮಾಸದ ಮಳೆಯಲ್ಲಿ ಸಾರಾಗುತ್ತದೆ.

ಅಮ್ಮತ್ತಿ ಹಿತ್ತಲು:
ನಮ್ಮದೂ ಮೆಣಸು ಇದೆ, ಸಿಲ್ವರ್ ಓಕ್‌ಗೆ ಹತ್ತಿಸಿದ್ದೇವೆ. ಕೋಳಿ ಆ ಕಡೆ ಹೋಗುವುದನ್ನು ಇಷ್ಟು ದಿನ ಕಂಡೂ ತಲೆ ಕೆಡಿಸಿಕೊಂಡಿರಲಿಲ್ಲ. ಬುಡಕ್ಕೆ ಏನು ಹಾಕಿದರೆ ಕೆದಕುವುದಿಲ್ಲ?

ಸೋಮವಾರಪೇಟೆ ಮೆಣಸು:
ನೆರಳು ಕಡಿಮೆ ಮಾಡಲು ಮರ ಸವರಿದಾಗ ಬಿದ್ದ ಮುಳ್ಳಿನ ಹಾಲುವಾಣದ ಕೊಂಬೆಗಳನ್ನು ಬುಡದ ಸುತ್ತ ಹರಡಿ, ಅದರ ಮೇಲೆ ತರಗೆಲೆ ಹಾಕಿ. ಮುಳ್ಳಿಗೆ ಕಾಲಿಟ್ಟ ಕೋಳಿ ಆ ಬುಡಕ್ಕೆ ಮತ್ತೆ ಬರುವುದಿಲ್ಲ. ಒಂದು ರೂಪಾಯಿಯೂ ಖರ್ಚಿಲ್ಲ. ಕೋಳಿ ಸಾಕುವವರಿಗೆ ಉಪಾಯ ಹೇಳಿಕೊಡುತ್ತಿದ್ದೇನೆ, ನೋಡಿ ನನ್ನ ಹಣೆಬರಹ.

ನಿವೃತ್ತ ಪಶು ಪರೀಕ್ಷಕ, ಪೊನ್ನಂಪೇಟೆ:
ಬೇಲಿಯ ಚರ್ಚೆಯ ನಡುವೆ ಆರೋಗ್ಯದ ಮಾತು ಮರೆಯಬಾರದೆಂದು ಬರೆಯುತ್ತಿದ್ದೇನೆ. ಕೂಡಿಹಾಕಿದ ಕೋಳಿ ಮಳೆಗಾಲ ದಾಟುವುದಿಲ್ಲ ಎಂಬ ಅತ್ತೆಯವರ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಕೂಡಿಹಾಕುವುದರಿಂದ ಕೋಳಿ ಸಾಯುವುದಿಲ್ಲ, ಒದ್ದೆ ನೆಲದಲ್ಲಿ ಕೂಡಿಹಾಕುವುದರಿಂದ ಸಾಯುತ್ತದೆ. ಹಿಕ್ಕೆಯಲ್ಲಿ ರಕ್ತ ಬೀಳುವ ಕಾಕ್ಸಿಡಿಯೋಸಿಸ್ ಎಂಬ ಕಾಯಿಲೆಯ ಸೂಕ್ಷ್ಮಜೀವಿ ಹಿಕ್ಕೆಯೊಂದಿಗೆ ಹೊರಬಂದಾಗ ತಕ್ಷಣ ಅಪಾಯಕಾರಿಯಲ್ಲ. ಅದು ಬಲಿಯಲು ತೇವ ಮತ್ತು ಬೆಚ್ಚಗಿನ ಗಾಳಿ ಬೇಕು, ಸಿಕ್ಕರೆ ಒಂದೆರಡು ದಿನಗಳಲ್ಲೇ ಬಲಿಯುತ್ತದೆ. ಒಣಗಿದ ನೆಲದಲ್ಲಿ ಅದಕ್ಕೆ ಆ ಅವಕಾಶವಿಲ್ಲ. ಮೂರರಿಂದ ಆರು ವಾರದ ಮರಿಗಳಿಗೆ ಇದು ಹೆಚ್ಚು. ಮರಿ ರೆಕ್ಕೆ ಇಳಿಬಿಟ್ಟು, ಪುಕ್ಕ ಕೆದರಿಕೊಂಡು ಮೂಲೆಯಲ್ಲಿ ನಿಂತರೆ ಮೊದಲು ಹಿಕ್ಕೆ ನೋಡಿ. ಆಂಪ್ರೋಲಿಯಂ ಎಂಬ ಔಷಧವನ್ನು ಕುಡಿಯುವ ನೀರಿನಲ್ಲಿ ಕೊಡುತ್ತಾರೆ. ಪ್ರಮಾಣವನ್ನು ಪಶು ಆಸ್ಪತ್ರೆಯಲ್ಲಿ ಕೇಳಿಯೇ ಹಾಕಿ.

ಆದ್ದರಿಂದ ಗೂಡು ನೆಲದಿಂದ ಎರಡು ಮೂರು ಅಡಿ ಎತ್ತರದಲ್ಲಿರಲಿ. ಬಾಗಿಲು ಪೂರ್ವಕ್ಕಿರಲಿ, ನಮ್ಮಲ್ಲಿ ಮಳೆಗಾಳಿ ಹೊಡೆಯುವುದು ಪಡುವಣ, ನೈಋತ್ಯದಿಂದ. ಪಡುವಣ, ತೆಂಕಣ ಬದಿಗೆ ಹಲಗೆ, ಉಳಿದ ಎರಡು ಬದಿಗೆ ಜಾಲರಿ. ಎಲ್ಲ ಬದಿಯನ್ನೂ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚುವವರು ಬಹಳ. ಒಳಗೆ ಅಮೋನಿಯಾ ತುಂಬಿ ಕೋಳಿಯ ಕಣ್ಣಿನಲ್ಲಿ ನೀರು, ಮೂಗಿನಲ್ಲಿ ಸಿಂಬಳ. ನೀವು ಬಗ್ಗಿ ಗೂಡಿನೊಳಗೆ ತಲೆ ಹಾಕಿದಾಗ ನಿಮ್ಮ ಕಣ್ಣು ಉರಿದರೆ ಗಾಳಿ ಸಾಲದು ಎಂದೇ ಅರ್ಥ. ನೆಲಕ್ಕೆ ಭತ್ತದ ಹೊಟ್ಟು ದಪ್ಪನಾಗಿ ಹಾಕಿ ವಾರಕ್ಕೆರಡು ಸಲ ಕೋಲಿನಿಂದ ತಿರುವಿ. ಮುಷ್ಟಿಯಲ್ಲಿ ಹಿಡಿದು ಬಿಟ್ಟಾಗ ಉದುರಿಹೋಗಬೇಕು, ಉಂಡೆಯಾಗಿ ನಿಂತರೆ ಬದಲಿಸಿ.

ಶನಿವಾರಸಂತೆ ಕಾಫಿ:
ಪರೀಕ್ಷಕರೇ, ನಮ್ಮಲ್ಲಿ ಬಸವನಹುಳುವಿನ ಕಾಟ ನಿಮಗೆ ಗೊತ್ತೇ ಇದೆ. ಆಫ್ರಿಕಾದ ದೊಡ್ಡ ಬಸವನಹುಳು ಮಳೆ ಶುರುವಾದ ಕೂಡಲೇ ಕಾಫಿ ಗಿಡದ ಮೇಲೆ, ಪಪ್ಪಾಯಿಯ ಮೇಲೆ, ಗೋಡೆಯ ಮೇಲೆ. ಕೋಳಿ ಬಿಟ್ಟರೆ ಎಲ್ಲ ತಿಂದು ಮುಗಿಸುತ್ತದೆ ಎಂದು ಯಾರೋ ಹೇಳಿದರು. ನಮ್ಮ ಕೋಳಿಗಳು ದೊಡ್ಡ ಹುಳುವನ್ನು ಸುತ್ತ ತಿರುಗಿ ನೋಡಿ ಹೋಗುತ್ತವೆ, ಅಷ್ಟೇ. ಚಿಕ್ಕ ಮರಿಹುಳುಗಳನ್ನು ಮಾತ್ರ ತಿನ್ನುತ್ತವೆ. ಅದು ಸುರಕ್ಷಿತವೇ?

ನಿವೃತ್ತ ಪಶು ಪರೀಕ್ಷಕ, ಪೊನ್ನಂಪೇಟೆ:
ಪೂರ್ತಿ ಸುರಕ್ಷಿತವಲ್ಲ. ಬಸವನಹುಳು, ಗೊಂಡೆಹುಳು, ಎರೆಹುಳು ಇವು ಕೋಳಿಯ ಕೆಲವು ಜಂತುಹುಳುಗಳಿಗೆ ತಂಗುಮನೆ, ಇವನ್ನು ತಿಂದಾಗ ಜಂತು ಕೋಳಿಯ ಹೊಟ್ಟೆ ಸೇರುತ್ತದೆ. ತಿನ್ನಬಾರದೆಂದು ಕೋಳಿಗೆ ಹೇಳಲು ಆಗುವುದಿಲ್ಲವಲ್ಲ, ಹಾಗಾಗಿ ಮಳೆಗೆ ಮುನ್ನ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ಜಂತಿನ ಔಷಧ ಕೊಡಿ. ನಿಜವಾದ ಅಪಾಯ ಬೇರೆ ಇದೆ. ಬಸವನಹುಳು ಕೊಲ್ಲಲು ಇಡುವ ಮೆಟಾಲ್ಡಿಹೈಡ್ ಗುಳಿಗೆ ಕೋಳಿಗೂ ನಾಯಿಗೂ ವಿಷ. ಗುಳಿಗೆ ಇಟ್ಟ ಜಾಗಕ್ಕೂ, ಅದನ್ನು ತಿಂದು ಸತ್ತ ಹುಳು ಬಿದ್ದ ಜಾಗಕ್ಕೂ ಕೋಳಿ ಹೋಗಬಾರದು. ಕೋಳಿ ಇರುವ ಮನೆಯವರು ಸಂಜೆ ಹೊತ್ತು ಪಪ್ಪಾಯಿ ಎಲೆ, ಎಲೆಕೋಸಿನ ಎಲೆ ಅಲ್ಲಲ್ಲಿ ಇಟ್ಟು, ಕತ್ತಲಾದ ಮೇಲೆ ಕೈಗವಸು ಹಾಕಿ ಹುಳುಗಳನ್ನು ಆರಿಸಿ ಉಪ್ಪುನೀರಿಗೆ ಹಾಕುವುದು ಉತ್ತಮ. ಕೈಗವಸು ಏಕೆಂದರೆ ಆ ಹುಳುವಿನಲ್ಲಿರುವ ಪರಾವಲಂಬಿ ಮನುಷ್ಯರಿಗೂ ಬರಬಹುದು.

ಮೂರ್ನಾಡು ಮೇಷ್ಟ್ರು:
ಸ್ವಲ್ಪ ವಿಷಯಾಂತರ, ಕ್ಷಮಿಸಿ. ನಮ್ಮ ತೋಟಕ್ಕೆ ಬೆಳಿಗ್ಗೆ ಕಾಡುಕೋಳಿ ಬರುತ್ತದೆ. ಕತ್ತಿನ ಗರಿಯಲ್ಲಿ ಹಳದಿ ಚುಕ್ಕೆಗಳಿರುವ ಬೂದು ಹುಂಜ. ಗೂಡಿನ ಹುಂಜ ಇಲ್ಲಿಂದ ಕೂಗಿದರೆ ಅದು ಅಲ್ಲಿಂದ ಒಡಕು ದನಿಯಲ್ಲಿ ಉತ್ತರಿಸುತ್ತದೆ. ಸಾಕುಕೋಳಿಯ ಮೂಲ ಕೆಂಪು ಕಾಡುಕೋಳಿ ಎನ್ನುವುದು ಎಲ್ಲರಿಗೂ ಗೊತ್ತು. ಆದರೆ ಹಳದಿ ಕಾಲಿನ ಕೋಳಿಗಳಲ್ಲಿ ಆ ಹಳದಿ ಚರ್ಮದ ಗುಣ ಬಂದದ್ದು ನಮ್ಮ ದಕ್ಷಿಣದ ಈ ಬೂದು ಕಾಡುಕೋಳಿಯಿಂದ ಎಂದು 2008ರಲ್ಲಿ ವಿಜ್ಞಾನಿಗಳು ತೋರಿಸಿದರು. ಅಂದರೆ ಅಮೆರಿಕದ ಫಾರಂನ ಹಳದಿ ಕಾಲಿನ ಕೋಳಿಯಲ್ಲೂ ನಮ್ಮ ಕಡೆಯ ಕಾಡಿನ ಒಂದು ಪಾಲು ಇದೆ. ಅಮ್ಮತ್ತಿಯವರು ತಮ್ಮ ಹೇಂಟೆಗಳ ಕಾಲು ನೋಡಿ ಹೇಳಲಿ, ಹಳದಿಯೋ, ಬಿಳುಪೋ?

ಇದರ ಜೊತೆಗೇ ಒಂದು ಎಚ್ಚರಿಕೆ. ಕಾಡುಕೋಳಿಯ ಮೊಟ್ಟೆ ತಂದು ನಾಟಿ ಹೇಂಟೆಯ ಕಾವಿಗೆ ಇಡುವ ಹುಡುಗರಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ.

ಅಮ್ಮತ್ತಿ ಹಿತ್ತಲು:
ಮೇಷ್ಟ್ರೇ, ನಾಟಿಯಲ್ಲಿ ಎರಡು ಹಳದಿ, ಉಳಿದವು ಕಪ್ಪು ಮಿಶ್ರ ಬಿಳಿ. ಹುಂಜನದು ಹಳದಿ. ಈಗ ಅದಕ್ಕೆ ಇನ್ನೂ ಜಂಬ ಬರುತ್ತದೆ.

ಕೂಡಿಗೆ ರೈತ:
ಗೊಬ್ಬರದ ಬಗ್ಗೆ ಯಾರೂ ಮಾತಾಡಲಿಲ್ಲ. ಕೋಳಿ ಸಾಕುವುದರಲ್ಲಿ ನನಗೆ ಮೊಟ್ಟೆಗಿಂತ ಅದೇ ದೊಡ್ಡ ಲಾಭ. ಒಣಗಿದ ಕೋಳಿ ಗೊಬ್ಬರದಲ್ಲಿ ಸಾರಜನಕ ಶೇಕಡಾ 3ರ ಆಸುಪಾಸು, ದನದ ಗೊಬ್ಬರದಲ್ಲಿ ಇರುವುದಕ್ಕಿಂತ ಕೆಲವು ಪಟ್ಟು ಹೆಚ್ಚು. ಅದಕ್ಕೇ ಹಸಿಯಾಗಿ ಬುಡಕ್ಕೆ ಹಾಕಿದರೆ ಗಿಡ ಸುಟ್ಟುಹೋಗುತ್ತದೆ. ಹೊಟ್ಟಿನ ಸಮೇತ ಗುಂಡಿಗೆ ಹಾಕಿ, ತರಗೆಲೆ, ಕಳೆ ಸೇರಿಸಿ, ಮೇಲೆ ಮಣ್ಣು ಮುಚ್ಚಿ ಎರಡು ಮೂರು ತಿಂಗಳು ಬಿಡಬೇಕು. ಗುಂಡಿಗೆ ನೀರು ಇಳಿಯಬಾರದು.

ನಾಪೋಕ್ಲು ಅಜ್ಜಿಮನೆ:
ನಮ್ಮ ಕಡೆ ಗುಂಡಿ ಎಂದರೆ ಬಾವಿ. ನೆಲದ ಮೇಲೆ ರಾಶಿ ಹಾಕಿ ತಗಡು ಮುಚ್ಚುತ್ತೇವೆ, ಸುತ್ತ ಕಾಲುವೆ ತೆಗೆಯುತ್ತೇವೆ. ಮುಚ್ಚದಿದ್ದರೆ ಜುಲೈ ಮುಗಿಯುವುದರೊಳಗೆ ಸತ್ವವೆಲ್ಲ ಹೊಳೆಗೆ ಹರಿದುಹೋಗಿ ಹೊಟ್ಟು ಮಾತ್ರ ಉಳಿಯುತ್ತದೆ.

ಸೋಮವಾರಪೇಟೆ ಮೆಣಸು:
ಇನ್ನೊಂದು ವಿಷಯ ಸೇರಿಸಿ. ನಮ್ಮದು ಹುಳಿಮಣ್ಣು, ಎಲ್ಲರೂ ಸುಣ್ಣ ಹಾಕುತ್ತೇವೆ. ಕೋಳಿ ಗೊಬ್ಬರ ಮತ್ತು ಸುಣ್ಣವನ್ನು ಒಂದೇ ದಿನ, ಒಂದೇ ಬುಟ್ಟಿಯಲ್ಲಿ ಬೆರೆಸಿ ಹಾಕುವವರನ್ನು ಕಂಡಿದ್ದೇನೆ. ಮೂಗಿಗೆ ಹೊಡೆಯುವ ವಾಸನೆ ಬಂದರೆ, ಆ ಹೋಗುತ್ತಿರುವುದು ನಿಮ್ಮ ಸಾರಜನಕವೇ. ಸುಣ್ಣ ಮೊದಲು ಹಾಕಿ, ಕೆಲವು ವಾರ ಕಳೆದ ಮೇಲೆ ಗೊಬ್ಬರ ಕೊಡಿ. ಗೂಡಿನೊಳಗೆ ವಾಸನೆ ಹೋಗಲೆಂದು ಸುಣ್ಣ ಚೆಲ್ಲಿದರೂ ಆಗುವುದು ಇದೇ.

ಗೋಣಿಕೊಪ್ಪ ಹೊಸಬಳು:
ಎಲ್ಲರೂ ದೊಡ್ಡ ಕೋಳಿಗಳ ಬಗ್ಗೆ ಹೇಳುತ್ತಿದ್ದೀರಿ. ನಾನು ಮೊದಲ ಸಲ ಮರಿ ತರಬೇಕೆಂದಿದ್ದೇನೆ. ಗಿರಿರಾಜ ತರಲೇ, ಸ್ವರ್ಣಧಾರ ತರಲೇ, ನಾಟಿಯೇ ಇರಲೇ? ಗುಡುಗು ಬಂದರೆ ಕಾವಿಗೆ ಇಟ್ಟ ಮೊಟ್ಟೆ ಕೆಡುತ್ತದೆ, ಬುಟ್ಟಿಯಲ್ಲಿ ಕಬ್ಬಿಣದ ಮೊಳೆ, ಇದ್ದಿಲಿನ ತುಂಡು ಇಡಬೇಕು ಎಂದು ಪಕ್ಕದ ಮನೆಯವರು ಹೇಳಿದರು. ನಿಜವೇ?

ನಿವೃತ್ತ ಪಶು ಪರೀಕ್ಷಕ, ಪೊನ್ನಂಪೇಟೆ:
ಮೊಳೆ ಇಡಿ, ತೊಂದರೆಯೇನೂ ಇಲ್ಲ. ಆದರೆ ಮೊಟ್ಟೆ ಕೆಡುವುದು ಗುಡುಗಿಗಲ್ಲ. ಗುಡುಗು ಬರುವುದು ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ. ಆ ಸೆಕೆಯಲ್ಲಿ ಎರಡು ವಾರ ಅಡುಗೆಮನೆಯಲ್ಲಿ ಕೂಡಿಟ್ಟ ಮೊಟ್ಟೆಯನ್ನು ಕಾವಿಗೆ ಇಟ್ಟರೆ ಅದು ಮೊದಲೇ ಅರ್ಧ ಕೆಟ್ಟಿರುತ್ತದೆ. ಒಂದು ವಾರಕ್ಕಿಂತ ಹಳೆಯದು ಬೇಡ, ತಂಪಾದ ಜಾಗದಲ್ಲಿ ಇಟ್ಟಿರಬೇಕು, ತೊಳೆದಿರಬಾರದು. ನಾಟಿ ಹೇಂಟೆಯ ಕೆಳಗೆ ಹತ್ತು ಹನ್ನೆರಡು ಮೊಟ್ಟೆ ಸಾಕು. ಏಳನೆಯ ದಿನ ರಾತ್ರಿ ಮೊಬೈಲಿನ ಟಾರ್ಚ್ ಹಿಡಿದು ನೋಡಿ. ಒಳಗೆ ಕೆಂಪು ನರಗಳು ಹರಡಿದ್ದರೆ ಮರಿ ಇದೆ, ಬರಿದಾಗಿ ಹೊಳೆದರೆ ತೆಗೆದುಬಿಡಿ. 21ನೇ ದಿನಕ್ಕೆ ಮರಿ.

ತಳಿಯ ವಿಷಯ. ಗಿರಿರಾಜ ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ತಳಿ, ಮೈ ದಪ್ಪ, ಮಾಂಸಕ್ಕೆ ಒಳ್ಳೆಯದು. ಸ್ವರ್ಣಧಾರ ಆಮೇಲೆ ಬಂದದ್ದು, ಮೊಟ್ಟೆ ಹೆಚ್ಚು. ಹೆಸರಘಟ್ಟದ ಕೇಂದ್ರದ ಕಾವೇರಿ ಎಂಬ ತಳಿಯೂ ಇದೆ. ನಾಟಿ ಹೇಂಟೆ ವರ್ಷಕ್ಕೆ ಅರವತ್ತು ಎಪ್ಪತ್ತು ಮೊಟ್ಟೆಯಿಟ್ಟರೆ ಹೆಚ್ಚು, ಆದರೆ ಕಾವಿಗೆ ಕೂರುವುದು, ಮರಿ ಸಾಕುವುದು, ಗಿಡುಗ ಬಂದರೆ ಕೂಗಿ ಮರಿಗಳನ್ನು ಪೊದೆಯೊಳಗೆ ಸೇರಿಸುವುದು ಎಲ್ಲವನ್ನೂ ತಾನೇ ಮಾಡುತ್ತದೆ. ಗಿರಿರಾಜ ಕಾವಿಗೆ ಕೂರುವುದು ಅಪರೂಪ, ಮೈಭಾರಕ್ಕೆ ಓಡುವುದೂ ಕಡಿಮೆ. ಕಾಡಂಚಿನ ಮನೆಗೆ ಮೊದಲ ಸಲ ಸಾಕುವವರು ನಾಟಿಯಿಂದಲೇ ಶುರುಮಾಡಿ. ಬೇಕಾದರೆ ನಾಟಿ ಹೇಂಟೆಯ ಕೆಳಗೆ ಸ್ವರ್ಣಧಾರದ ಮೊಟ್ಟೆ ಇಡಿಸಿ.

ನಾಪೋಕ್ಲು ಅಜ್ಜಿಮನೆ:
ಹೊಸಬಳೇ, ಅಂಗಡಿಯಿಂದ ಒಂದು ದಿನದ ಮರಿ ತಂದು ಬಲ್ಬಿನ ಕೆಳಗೆ ಸಾಕುತ್ತೇನೆ ಎಂದು ಜೂನ್‌ನಲ್ಲಿ ಮಾತ್ರ ಹೊರಡಬೇಡ. ಮೊದಲ ವಾರ ಮರಿಗೆ 35 ಡಿಗ್ರಿ ಕಾವು ಬೇಕು. ಮರ ಬಿದ್ದು ತಂತಿ ಹರಿದರೆ ನಮ್ಮಲ್ಲಿ ಕರೆಂಟ್ ಬರುವುದು ದೇವರ ಇಚ್ಛೆ. ಇದ್ದಿಲಿನ ಮಡಕೆ ಇಡುವವರಿದ್ದಾರೆ, ಆದರೆ ಕಿಟಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಅದನ್ನಿಟ್ಟರೆ ಹೊಗೆಯಿಲ್ಲದಿದ್ದರೂ ಮರಿಯೂ ಉಳಿಯುವುದಿಲ್ಲ, ಪಕ್ಕದಲ್ಲಿ ಮಲಗಿದ ಮನುಷ್ಯರೂ ಉಳಿಯುವುದಿಲ್ಲ. ಸೆಪ್ಟೆಂಬರ್‌ನಲ್ಲಿ ಕೈಲ್‌ಪೋದ್ ಹಬ್ಬ ಮುಗಿದು ಬಿಸಿಲು ಬಂದ ಮೇಲೆ ತಂದುಕೋ. ಪುತ್ತರಿ ಸುಗ್ಗಿಹಬ್ಬದ ಹೊತ್ತಿಗೆ ಮೈ ತುಂಬಿಕೊಳ್ಳುತ್ತವೆ.

ಗೋಣಿಕೊಪ್ಪ ಹೊಸಬಳು:
ಸರಿ ಅಜ್ಜಿ, ಹಾಗೇ ಮಾಡುತ್ತೇನೆ. ಮಳೆಗಾಲದಲ್ಲಿ ಮೊಟ್ಟೆ ನಿಂತುಹೋಗುತ್ತದೆಯಂತೆ, ಅದಕ್ಕೆ ಏನು ಕಾರಣ? ಹಗಲು ಕಡಿಮೆಯಾಗುವುದೇ?

ಮೂರ್ನಾಡು ಮೇಷ್ಟ್ರು:
ಹಗಲಿನ ಉದ್ದ ಅಲ್ಲ. ನಮ್ಮ ಅಕ್ಷಾಂಶದಲ್ಲಿ ಜೂನ್‌ನ ಹಗಲಿಗೂ ಡಿಸೆಂಬರ್‌ನ ಹಗಲಿಗೂ ಸುಮಾರು ಒಂದೂವರೆ ಗಂಟೆಯಷ್ಟೇ ವ್ಯತ್ಯಾಸ. ಮಳೆಗಾಲದ ಹಗಲು ವಾಸ್ತವವಾಗಿ ಉದ್ದ. ಆದರೆ ಮೋಡ, ಮಂಜು, ಮರದ ನೆರಳು ಸೇರಿ ಗೂಡಿನೊಳಗೆ ಮಧ್ಯಾಹ್ನವೇ ಮುಸ್ಸಂಜೆ. ಮೇಲಾಗಿ ಹೊರಗೆ ಹೋಗಿ ಹುಳುಹುಪ್ಪಟೆ ತಿನ್ನಲಾಗದು.

ನಿವೃತ್ತ ಪಶು ಪರೀಕ್ಷಕ, ಪೊನ್ನಂಪೇಟೆ:
ಮೇಷ್ಟ್ರ ಕೊನೆಯ ಮಾತೇ ಮುಖ್ಯ. ಅನ್ನ, ನುಚ್ಚು ಮಾತ್ರ ತಿಂದ ಕೋಳಿ ಎಲ್ಲಿಂದ ಮೊಟ್ಟೆ ಇಡಬೇಕು? ಹಿಂದಿನವರು ಒಂದು ಮಡಕೆಗೆ ಹಸಿ ಸಗಣಿ, ಹುಲ್ಲು, ಹಳೆಯ ಗೋಣಿ ತುಂಬಿ ಗೆದ್ದಲಿರುವ ಕಡೆ ಬೋರಲು ಹಾಕುತ್ತಿದ್ದರು. ಮಾರನೆಯ ದಿನ ಎತ್ತಿದರೆ ಗೆದ್ದಲು ತುಂಬಿರುತ್ತಿತ್ತು, ಅದು ಮರಿಗಳಿಗೆ ಹಬ್ಬ. ಈಗಲೂ ಮಾಡಬಹುದು. ಮೊಟ್ಟೆಯ ಚಿಪ್ಪನ್ನು ಹುರಿದು ಪುಡಿ ಮಾಡಿ ಬೇರೆ ತಟ್ಟೆಯಲ್ಲಿಡಿ, ಬೇಕಾದ ಹೇಂಟೆ ತಿನ್ನುತ್ತದೆ. ಇಡಿಯಾಗಿ ಎಸೆದರೆ ಮೊಟ್ಟೆ ಒಡೆದು ತಿನ್ನುವ ಚಟ ಹತ್ತುತ್ತದೆ.

ಕೊಂಡ ಆಹಾರವನ್ನು ಮಳೆಗಾಲದಲ್ಲಿ ತಿಂಗಳಿಗಾಗುವಷ್ಟು ತರಬೇಡಿ. ಜೋಳ, ಕಡಲೆಕಾಯಿ ಹಿಂಡಿಗೆ ಬೂಷ್ಟು ಹಿಡಿದರೆ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಬಿಸಿಲಿಗೆ ಹಾಕಿ ಬೂಷ್ಟು ಕೊಡವಿದರೂ ವಿಷ ಹೋಗುವುದಿಲ್ಲ, ಕೋಳಿಯ ಯಕೃತ್ತು ಕೆಡುತ್ತದೆ. ಕಮಟು ವಾಸನೆ ಬಂದ ಚೀಲವನ್ನು ಕೋಳಿಗೆ ಹಾಕದೆ ಗೊಬ್ಬರದ ರಾಶಿಗೆ ಸುರಿಯಿರಿ.

ಶನಿವಾರಸಂತೆ ಕಾಫಿ:
ಮುಂಗುಸಿಗೆ ಏನಾದರೂ ಮದ್ದಿದೆಯೇ? ಹಗಲು ಹೊತ್ತಿನಲ್ಲೇ ಬರುತ್ತದೆ.

ಸೋಮವಾರಪೇಟೆ ಮೆಣಸು:
ನಾಯಿ.

ನಾಪೋಕ್ಲು ಅಜ್ಜಿಮನೆ:
ನಾಯಿಯೇ ಕೋಳಿ ಹಿಡಿಯುವ ಮನೆಗಳೂ ಇವೆ. ಹಗಲು ಮುಂಗುಸಿ, ಗಿಡುಗ. ರಾತ್ರಿ ಪುನುಗು ಬೆಕ್ಕು, ಕಾಡುಬೆಕ್ಕು. ಷಡ್ಭುಜದ ತೆಳು ಜಾಲರಿಯನ್ನು ಅವು ಹರಿಯುತ್ತವೆ. ಗೂಡಿಗೆ ಬೆಸುಗೆ ಹಾಕಿದ ಅರ್ಧ ಇಂಚಿನ ಜಾಲರಿಯೇ ಆಗಬೇಕು, ಬಾಗಿಲಿಗೆ ಚಿಲಕ, ಬುಡದಲ್ಲಿ ಒಂದಡಿ ಮಣ್ಣಿನೊಳಗೆ ಹೂಳಬೇಕು. ಅಮ್ಮತ್ತಿಯವರೇ, ನಿಮ್ಮ ಜಾಲರಿಯ ಹಣ ಖರ್ಚಾಗಬೇಕಾದದ್ದು ಇಲ್ಲಿ. ಕೇರೆಹಾವು ಮೊಟ್ಟೆ ಕುಡಿದರೆ ಕುಡಿಯಲಿ, ಇಲಿ ಹಿಡಿಯುವುದೂ ಅದೇ. ಹೊಡೆಯಬೇಡಿ.

ಅಮ್ಮತ್ತಿ ಹಿತ್ತಲು:
ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಅತ್ತೆ ಗೆದ್ದರು. ತರಕಾರಿಗೆ ಬಿದಿರಿನ ತಟ್ಟಿ, ಮೆಣಸಿಗೆ ಹಾಲುವಾಣದ ಮುಳ್ಳು, ಜಾಲರಿ ಗೂಡಿಗೆ. ನಮ್ಮವರು ಒಂದೇ ಷರತ್ತು ಹಾಕಿದ್ದಾರೆ. ಡಿಸೆಂಬರ್‌ನಿಂದ ಕಾಫಿ ಒಣಗುವವರೆಗೆ ಕೋಳಿ ಕಣದ ಹತ್ತಿರ ಸುಳಿಯಬಾರದು.

ಕೂಡಿಗೆ ರೈತ:
ಆ ಷರತ್ತು ನ್ಯಾಯ. ಹಣ್ಣನ್ನು ಕೆದರಿ ಹಾಕುವುದು ಹಾಗಿರಲಿ, ಹಿಕ್ಕೆ ಬಿದ್ದ ಕಾಫಿಯನ್ನು ಯಾರು ಕೊಳ್ಳುತ್ತಾರೆ?

ನಿವೃತ್ತ ಪಶು ಪರೀಕ್ಷಕ, ಪೊನ್ನಂಪೇಟೆ:
ಬೇಲಿ ತೀರ್ಮಾನವಾಯಿತಲ್ಲ, ಈಗ ಲಸಿಕೆ. ಕೊಕ್ಕರೆ ರೋಗ, ಅಂದರೆ ರಾಣಿಖೇತ್, ಬಂದರೆ ಹಸಿರು ಭೇದಿ, ಬಾಯಿ ತೆರೆದು ಉಸಿರಾಟ, ಕತ್ತು ತಿರುಚುವುದು. ಔಷಧವಿಲ್ಲ, ಹಿಂಡಿನಲ್ಲಿ ಉಳಿಯುವುದು ಬೆರಳೆಣಿಕೆ. ಸಂತೆಯಿಂದ ತಂದ ಹೊಸ ಕೋಳಿಯೊಂದಿಗೆ ಬರುತ್ತದೆ, ಚಪ್ಪಲಿಯ ಕೆಸರಿನೊಂದಿಗೂ ಬರುತ್ತದೆ. ಹೊಸ ಕೋಳಿಯನ್ನು ಎರಡು ಮೂರು ವಾರ ಬೇರೆಯೇ ಇಡಿ. ಮರಿಗೆ ಮೊದಲ ವಾರದಲ್ಲಿ ಕಣ್ಣಿಗೆ ಲಸಿಕೆಯ ಒಂದು ಹನಿ, ತಿಂಗಳಿಗೆ ಮತ್ತೆ ಲಸೋಟಾ ಎಂಬ ಲಸಿಕೆ, ಎಂಟು ವಾರ ದಾಟಿದ ಮೇಲೆ ಆರ್‌ಟುಬಿ ಚುಚ್ಚುಮದ್ದು. ಮೊಟ್ಟೆಯಿಡುತ್ತಿರುವ ಹೇಂಟೆಗೆ ಚುಚ್ಚುವುದು ಬೇಡ, ನೀರಿನಲ್ಲಿ ಲಸೋಟಾ ಕೊಡಬಹುದು. ಆ ನೀರಿಗೆ ಕ್ಲೋರಿನ್ ಇರಬಾರದು, ಬಾವಿನೀರು ಆಗುತ್ತದೆ. ಅದಕ್ಕೆ ಸ್ವಲ್ಪ ಕೆನೆರಹಿತ ಹಾಲಿನ ಪುಡಿ ಬೆರೆಸಿ, ಕೋಳಿಗೆ ಎರಡು ಗಂಟೆ ಮೊದಲೇ ನೀರು ನಿಲ್ಲಿಸಿರಬೇಕು.

ತೊಂದರೆಯೇನೆಂದರೆ ಸೀಸೆ ಬರುವುದು ಕನಿಷ್ಠ ನೂರು ಕೋಳಿಗೆ ಆಗುವ ಪ್ರಮಾಣದಲ್ಲಿ. ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಹತ್ತು ಕೋಳಿಯ ಮನೆಯವರು ಒಂಟಿಯಾಗಿ ತಂದರೆ ಉಳಿದದ್ದು ಚರಂಡಿಗೆ. ಅಮ್ಮತ್ತಿ, ಗೋಣಿಕೊಪ್ಪ, ಪೊನ್ನಂಪೇಟೆಯ ಕಡೆಯವರು ಎಷ್ಟು ಜನ ಇದ್ದೀರಿ ಹೇಳಿ. ಒಂದೇ ದಿನ ಇಟ್ಟುಕೊಳ್ಳೋಣ, ಹಾಕಿಕೊಡಲು ನಾನು ಬರುತ್ತೇನೆ.

ಅಮ್ಮತ್ತಿ ಹಿತ್ತಲು:
ನಮ್ಮದೂ ನಮ್ಮ ತೋಟದ ಕೆಲಸಗಾರರ ಲೈನ್ ಮನೆಯವರದೂ ಸೇರಿ ನಲವತ್ತರ ಹತ್ತಿರ ಆಗುತ್ತದೆ. ಪಕ್ಕದ ಎರಡು ಮನೆಯವರನ್ನು ಕೇಳುತ್ತೇನೆ. ಭಾನುವಾರ ಬೇಡ, ಅವತ್ತು ಎಲ್ಲರೂ ಸಂತೆಗೆ ಹೋಗುತ್ತಾರೆ.

ಗೋಣಿಕೊಪ್ಪ ಹೊಸಬಳು:
ನನ್ನ ಬಳಿ ಕೋಳಿ ಇನ್ನೂ ಇಲ್ಲ, ಆದರೆ ಸ್ಕೂಟರ್ ಇದೆ. ಲಸಿಕೆ ತರುವ ಕೆಲಸ ನನಗಿರಲಿ, ಕಲಿತ ಹಾಗೂ ಆಗುತ್ತದೆ. ಯಾವುದರಲ್ಲಿ ತರಬೇಕು?

ನಿವೃತ್ತ ಪಶು ಪರೀಕ್ಷಕ, ಪೊನ್ನಂಪೇಟೆ:
ಅಗಲ ಬಾಯಿಯ ಥರ್ಮೋಸ್‌ನಲ್ಲಿ, ಐಸ್ ತುಂಬಿಸಿ. ಸೀಸೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಐಸ್ ನಡುವೆ ಇಡು, ನೀರು ತಾಗಬಾರದು. ಮಂಗಳವಾರ ಸಂಜೆ ಐದು ಗಂಟೆಯ ಮೇಲೆ ಅಮ್ಮತ್ತಿಯವರ ಅಂಗಳದಲ್ಲಿ ಸೇರೋಣ. ಕೋಳಿಗಳನ್ನು ಮಧ್ಯಾಹ್ನದಿಂದ ಹೊರಗೆ ಬಿಡಬೇಡಿ, ಹಿಡಿಯಲು ತೋಟವೆಲ್ಲ ಓಡಬೇಕಾಗುತ್ತದೆ. ಜಂತಿನ ಔಷಧ ಇನ್ನೂ ಕೊಡದವರು ಇವತ್ತೇ ಕೊಟ್ಟುಬಿಡಿ.

ಸೋಮವಾರಪೇಟೆ ಮೆಣಸು:
ನಮ್ಮ ಕಡೆಗೂ ಒಂದು ದಿನ ಇಟ್ಟುಕೊಳ್ಳಿ. ನೆರೆಮನೆಯವರಿಗೆ ಹೇಳುತ್ತೇನೆ.